ಸೋತ ಆಟವನ್ನು ಮುಂದಿಡುವ ಧೈರ್ಯ

ಚದುರಂಗದಲ್ಲಿ ದಾಳವಿಲ್ಲ, ಕೈಯಲ್ಲಿ ಮುಚ್ಚಿಟ್ಟುಕೊಂಡ ಎಲೆಯಿಲ್ಲ. ಅರವತ್ತನಾಲ್ಕು ಮನೆಗಳ ಮೇಲೆ ಇಬ್ಬರ ಬಲವೂ ಇಬ್ಬರ ಕಣ್ಣೆದುರಿನಲ್ಲಿಯೇ ನಿಂತಿರುತ್ತದೆ. ಎದುರಾಳಿಗೆ ಕಾಣುವುದೆಲ್ಲವೂ ನಮಗೂ ಕಾಣುತ್ತದೆ. ಆದುದರಿಂದ ಈ ಆಟದಲ್ಲಿ ಸೋತವನು ಅದೃಷ್ಟವನ್ನು ಹಳಿಯುವಂತಿಲ್ಲ, ನೆಲ ಒದ್ದೆಯಾಗಿತ್ತೆಂದು ಹೇಳುವಂತಿಲ್ಲ, ತೀರ್ಪುಗಾರನು ಪಕ್ಷಪಾತ ಮಾಡಿದನೆಂದು ದೂರುವಂತಿಲ್ಲ. ಸೋಲಿನ ಕಾರಣವು ಆಡಿದವನ ಬುದ್ಧಿಯಲ್ಲಿಯೇ ಇರುತ್ತದೆ. ಹೀಗಿದ್ದರೂ ‘ನಾನು ಇಂಥ ಕಡೆಯಲ್ಲಿ, ಇಂಥ ಕಾರಣದಿಂದ ಸೋತೆ’ ಎಂದು ನೇರವಾಗಿ ಹೇಳಬಲ್ಲವರು ಆಟಗಾರರಲ್ಲಿ ತೀರ ವಿರಳ. ಎಲ್ಲವೂ ಬಯಲಾಗಿರುವ ಆಟದಲ್ಲಿ ತನ್ನ ತಪ್ಪು ಮಾತ್ರ ತನಗೆ ಮರೆಯಾಗಿರುವುದು ಆಶ್ಚರ್ಯವೇ ಸರಿ.

ಈ ಆಟವು ನಮ್ಮ ನೆಲಕ್ಕೆ ಹೊಸದಲ್ಲ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಮನೆಯ ವಿನೋದಗಳನ್ನು ವಿವರಿಸುವಾಗ ಚದುರಂಗದ ವಿಚಾರವೂ ಬಂದಿದೆ. ಅವನ ರಾಜಧಾನಿ ಕಲ್ಯಾಣ. ಕೆಲವು ದಶಕಗಳ ತರುವಾಯ ಬಸವಣ್ಣನವರು ಬಾಳಿದ ಕಲ್ಯಾಣವೂ ಅದೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಮಣೆಯಾಟಗಳಲ್ಲಿ ಅಪಾರವಾದ ಆಸಕ್ತಿಯನ್ನು ಇಟ್ಟುಕೊಂಡಿದ್ದರು. ಕುದುರೆಯು ಒಮ್ಮೆ ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟದೆ ಮಣೆಯ ಎಲ್ಲ ಮನೆಗಳನ್ನೂ ಸುತ್ತಿ ಬರುವ ಬಂಧಗಳನ್ನು ತಾವೇ ರಚಿಸಿದ್ದರು. ಈಗ ಈ ಆಟವು ಅರಮನೆಗಳನ್ನು ಬಿಟ್ಟು ಹಳ್ಳಿಯ ಶಾಲೆಗಳ ಜಗಲಿಗೆ ಬಂದಿದೆ. ನಮ್ಮ ಸದ್ಭಕ್ತರ ಮನೆಗಳಲ್ಲಿಯೂ ಅನೇಕ ಮಕ್ಕಳು ಇದರಲ್ಲಿ ತೊಡಗಿದ್ದಾರೆ. ಆದುದರಿಂದ ಈ ಬಾರಿ ಆಟದ ನಿಮಿತ್ತದಿಂದ ವಿಮರ್ಶೆಯ ವಿಚಾರವನ್ನು ಹೇಳಬೇಕೆಂದಿದ್ದೇವೆ.

ಈಚೆಗೆ ನಾವು ಸಾಗರ ಸೀಮೆಯಲ್ಲಿ ಸಂಚರಿಸುತ್ತ ಸಿಗಂದೂರಿನ ಕಡೆಗೆ ಹೋಗಿದ್ದೆವು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿದ ಮೇಲೆ ತುಮರಿ, ಸಿಗಂದೂರು ಮೊದಲಾದ ಊರುಗಳ ಜನರು ತಾಲ್ಲೂಕು ಕೇಂದ್ರಕ್ಕೆ ಬರಲು ಲಾಂಚನ್ನೇ ನಂಬಬೇಕಾಯಿತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಅಂದಿನ ದಾರಿಯೇ ಮುಗಿದಂತೆ. ಸುಮಾರು ೬೦ ವರ್ಷಗಳ ಈ ಕಷ್ಟವು ೨೦೨೫ರ ಜುಲೈ ೧೪ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಉದ್ಘಾಟನೆಯೊಂದಿಗೆ ನೀಗಿತು. ಆ ದಡದ ಒಬ್ಬ ಗೃಹಸ್ಥರು ನಮ್ಮೊಡನೆ ಮಾತನಾಡುತ್ತ ತಮ್ಮ ಮಗನ ವಿಚಾರವನ್ನು ಎತ್ತಿದರು. ಹುಡುಗನು ಚದುರಂಗದಲ್ಲಿ ಊರಿನವರೆಲ್ಲರನ್ನೂ ಸೋಲಿಸುತ್ತಾನೆ. ಹೊರಗಿನ ಪಂದ್ಯಕ್ಕೆ ಹೋದರೆ ಮೊದಲ ಸುತ್ತುಗಳಲ್ಲಿಯೇ ಸೋತು ಬರುತ್ತಾನೆ. ‘ಇಲ್ಲಿ ಎಲ್ಲರೂ ಭೇಷ್ ಎನ್ನುತ್ತಾರೆ. ಎಲ್ಲಿ ತಪ್ಪಿದೆಯೆಂದು ಹೇಳುವವರು ಯಾರು?’ ಎಂಬುದು ಅವರ ಪ್ರಶ್ನೆ. ಇದು ಒಬ್ಬ ತಂದೆಯ ಪ್ರಶ್ನೆ ಮಾತ್ರವಲ್ಲ. ತನಗಿಂತ ಬಲ್ಲವರಿಲ್ಲದ ಊರಿನಲ್ಲಿ ಬೆಳೆಯುವ ಪ್ರತಿಯೊಂದು ಪ್ರತಿಭೆಯ ಪ್ರಶ್ನೆಯಿದು. ನೀರಿಗೆ ಸೇತುವೆ ಕಟ್ಟಿದ ಮಾತ್ರಕ್ಕೆ ಈ ಒಂಟಿತನವು ತೊಲಗುವುದಿಲ್ಲ.

ಮೊದಲು ಭೇಷ್ ಎನ್ನುವುದರಿಂದ ಆಗುವ ಹಾನಿಯನ್ನು ನೋಡೋಣ. ಚದುರಂಗ ಕಲಿಯುವ ಮಕ್ಕಳೆಲ್ಲರಿಗೂ ನಾಲ್ಕು ನಡೆಗಳ ಮಾತ್ ಎಂಬುದು ಬಹುಬೇಗ ತಿಳಿಯುತ್ತದೆ. ರಾಜನ ಮುಂದಿನ ಕಾಲಾಳನ್ನು ನೂಕಿ, ಒಂಟೆಯನ್ನೂ ಮಂತ್ರಿಯನ್ನೂ ಹೊರಗೆ ತಂದು, ಎದುರಾಳಿಯ ರಾಜನ ಬದಿಯ ಒಂಟೆಯ ಮುಂದಿರುವ ಕಾಲಾಳನ್ನು ಮಂತ್ರಿಯಿಂದ ಹೊಡೆಯುವುದು. ಆಟದ ಆರಂಭದಲ್ಲಿ ಆ ಕಾಲಾಳಿಗೆ ರಾಜನೊಬ್ಬನೇ ಕಾವಲು. ಆದುದರಿಂದ ಅದು ದುರ್ಬಲ ಸ್ಥಾನ. ಅರಿಯದ ಎದುರಾಳಿಯು ನಾಲ್ಕನೆಯ ನಡೆಗೇ ಸೋಲುತ್ತಾನೆ. ಹುಡುಗನು ಹತ್ತು ಮಂದಿಯನ್ನು ಹೀಗೆ ಸೋಲಿಸಿದರೆ ಹತ್ತು ಸಲವೂ ಚಪ್ಪಾಳೆ ಬೀಳುತ್ತದೆ. ಆದರೆ ಬಲ್ಲವನು ಎದುರಿಗೆ ಕುಳಿತಾಗ ಒಂದು ಕಾಲಾಳನ್ನು ಮುಂದಿಟ್ಟು, ಒಂದು ಕುದುರೆಯನ್ನು ಹೊರತಂದು ಆ ಮಂತ್ರಿಯನ್ನು ಅಟ್ಟಿಬಿಡುತ್ತಾನೆ. ಇವನ ಮಂತ್ರಿಯು ಮನೆಯಿಂದ ಮನೆಗೆ ಓಡುತ್ತಿರುವಷ್ಟರಲ್ಲಿ ಅವನ ಸೈನ್ಯವೆಲ್ಲ ಸಜ್ಜಾಗಿ ನಿಂತಿರುತ್ತದೆ. ಮೊದಲ ಗೆಲುವಿನ ದಿನವೇ ಯಾರಾದರೂ, ‘ಮಗು, ಗೆದ್ದದ್ದು ಸಂತೋಷ. ಅವನು ಸರಿಯಾದ ನಡೆಯನ್ನು ಆಡಿದ್ದರೆ ಏನು ಮಾಡುತ್ತಿದ್ದೆ?’ ಎಂದು ಕೇಳಿದ್ದರೆ ಆ ಹುಡುಗನಿಗೆ ಒಂದು ವರ್ಷವು ಉಳಿಯುತ್ತಿತ್ತು. ತಪ್ಪನ್ನು ಸೋಲಿಗಿಂತಲೂ ಗೆಲುವು ಚೆನ್ನಾಗಿ ಮುಚ್ಚಿಡುತ್ತದೆ.

ಇನ್ನು ಸೋತವನ ವಿಚಾರ. ಸೋತು ಬಂದ ಮಗುವನ್ನು ಕೇಳಿದರೆ, ‘ಮೂವತ್ತನೆಯ ನಡೆಯಲ್ಲಿ ಆನೆಯನ್ನು ಕಳೆದುಕೊಂಡೆ, ಅದರಿಂದ ಸೋತೆ’ ಎನ್ನುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ. ಬಲ್ಲವರು ಅದೇ ಆಟವನ್ನು ಮೊದಲಿನಿಂದ ಇಟ್ಟು ನೋಡಿದಾಗ ಬೇರೆಯೇ ಕಥೆ ಹೊರಬೀಳುತ್ತದೆ. ಹನ್ನೆರಡನೆಯ ನಡೆಯ ಹೊತ್ತಿಗೆ ರಾಜನನ್ನು ಆನೆಯ ಮರೆಗೆ ಸೇರಿಸಿ ಭದ್ರಪಡಿಸಬೇಕಾಗಿತ್ತು. ಅದನ್ನು ಮಾಡದೆ ಒಂದು ಕಾಲಾಳಿನ ಆಸೆಗೆ ಮಂತ್ರಿಯನ್ನು ದೂರ ಕಳುಹಿಸಿದ್ದಾಯಿತು. ಅಲ್ಲಿಂದ ಮುಂದೆ ಎಲ್ಲ ಬಲವೂ ರಾಜನನ್ನು ಕಾಯುವುದರಲ್ಲಿಯೇ ಕಟ್ಟಿಬಿದ್ದು, ಮೂವತ್ತನೆಯ ನಡೆಯಲ್ಲಿ ಆನೆಯು ಬೀಳಲೇಬೇಕಾಯಿತು. ಆನೆ ಬಿದ್ದದ್ದು ಸೋಲಿನ ಕ್ಷಣ. ಹನ್ನೆರಡನೆಯ ನಡೆಯ ಆಸೆಯು ಸೋಲಿನ ಕಾರಣ. ಆಡಿದವನಿಗೆ ಕ್ಷಣವು ಕಾಣುತ್ತದೆ, ಕಾರಣವು ಕಾಣುವುದಿಲ್ಲ. ಏಕೆಂದರೆ ಆ ಹೊತ್ತಿನಲ್ಲಿ ಆ ನಡೆಯು ಅವನಿಗೆ ಒಳ್ಳೆಯದಾಗಿಯೇ ತೋರಿತ್ತು, ಈಗಲೂ ಒಳ್ಳೆಯದಾಗಿಯೇ ತೋರುತ್ತಿದೆ. ಹೊರಗಿನ ಕಣ್ಣು ಬೇಕಾಗುವುದು ಇದಕ್ಕಾಗಿ.

ಹಾಗಾದರೆ ಆ ಹೊರಗಿನ ಕಣ್ಣನ್ನು ಪಡೆಯುವ ಕ್ರಮವೇನು? ಮೊದಲನೆಯದಾಗಿ ಆಟವನ್ನು ಬರೆದಿಡಬೇಕು. ದೀರ್ಘ ಅವಧಿಯ ಪಂದ್ಯಗಳಲ್ಲಿ ತನ್ನ ನಡೆಯನ್ನೂ ಎದುರಾಳಿಯ ನಡೆಯನ್ನೂ ಕಾಗದದ ಮೇಲೆ ಬರೆದುಕೊಳ್ಳಬೇಕೆಂಬುದು ಅಂತರರಾಷ್ಟ್ರೀಯ ನಿಯಮವೇ ಆಗಿದೆ. ಮನೆಯ ಆಟಕ್ಕೂ ಅದೇ ಶಿಸ್ತನ್ನು ತರಬೇಕು. ಬರೆಯದ ಆಟವು ಹೊಳೆಯ ನೀರಿನಂತೆ ಹರಿದುಹೋಗುತ್ತದೆ. ಆಮೇಲೆ ಉಳಿಯುವುದು ಗೆದ್ದವನ ಜಂಬ ಮತ್ತು ಸೋತವನ ನೆಪ. ಎರಡನೆಯದಾಗಿ, ನಡೆಯ ಪಕ್ಕದಲ್ಲಿ ಆ ನಡೆಯನ್ನು ಏಕೆ ಆಡಿದೆನೆಂಬುದನ್ನು ಆಟ ಮುಗಿದ ದಿನವೇ ಒಂದೊಂದು ಸಾಲಿನಲ್ಲಿ ಬರೆಯಬೇಕು. ‘ಇಲ್ಲಿ ಹೆದರಿದೆ’, ‘ಇಲ್ಲಿ ಅವನ ಕುದುರೆಯನ್ನು ನೋಡಲೇ ಇಲ್ಲ’, ‘ಇಲ್ಲಿ ಬೇಗ ಮುಗಿಸಬೇಕೆನ್ನಿಸಿತು’ ಎಂದು ಇದ್ದದ್ದನ್ನು ಇದ್ದಂತೆ ಬರೆಯುವುದು. ವಿಮರ್ಶಕನಿಗೆ ನಡೆಗಳು ಮಣೆಯ ಮೇಲೆ ಕಾಣುತ್ತವೆ. ನಡೆಯ ಹಿಂದಿನ ಮನಸ್ಸು ಈ ಸಾಲುಗಳಲ್ಲಿ ಮಾತ್ರ ಕಾಣುತ್ತದೆ. ಮೂರನೆಯದಾಗಿ, ಬಲ್ಲವರ ಬಳಿಗೆ ಹೋಗುವ ಮೊದಲು ತಾನೇ ಒಮ್ಮೆ ಆಟವನ್ನು ಶೋಧಿಸಬೇಕು. ವೈದ್ಯರ ಮುಂದೆ ಕುಳಿತ ರೋಗಿಯು ತನಗೆಲ್ಲಿ ನೋವೆಂಬುದನ್ನಾದರೂ ಹೇಳಬೇಕಲ್ಲವೇ? ನಾಲ್ಕನೆಯದಾಗಿ, ಒಯ್ಯುವುದು ಸೋತ ಆಟವಾಗಿರಬೇಕು. ಗೆದ್ದ ಆಟವನ್ನು ಹಿಡಿದುಕೊಂಡು ‘ಹೇಗಿದೆ?’ ಎಂದು ಕೇಳುವವನು ವಿಮರ್ಶೆಯ ವೇಷದಲ್ಲಿ ಹೊಗಳಿಕೆಯನ್ನು ಬೇಡುತ್ತಾನೆ. ಕೇಳುವ ಪ್ರಶ್ನೆಯೂ ‘ಚೆನ್ನಾಗಿದೆಯೇ?’ ಎಂಬುದಲ್ಲ; ‘ನನ್ನ ಯೋಚನೆಯು ಎಲ್ಲಿ ದಾರಿ ತಪ್ಪಿತು?’ ಎಂಬುದು. ಮೊದಲ ಪ್ರಶ್ನೆಗೆ ಯಾವ ಸಜ್ಜನನೂ ‘ಚೆನ್ನಾಗಿದೆ’ ಎಂದೇ ಹೇಳುತ್ತಾನೆ.

ಮಠದ ಪಾಠಶಾಲೆಗಳಲ್ಲಿ ನಾವು ಕಂಡ ಒಂದು ಕ್ರಮವಿದೆ. ವಿದ್ಯಾರ್ಥಿಯು ಪಾಠವನ್ನು ಒಪ್ಪಿಸುವಾಗ ಹಿರಿಯ ವಿದ್ಯಾರ್ಥಿಯೊಬ್ಬನು ಪುಸ್ತಕವನ್ನು ತೆರೆದುಕೊಂಡು ಎದುರಿಗೆ ಕುಳಿತಿರುತ್ತಾನೆ. ಒಂದು ಸ್ವರವು ಜಾರಿದರೆ ಅಲ್ಲಿಯೇ ತಡೆಯುತ್ತಾನೆ. ತಡೆದುದಕ್ಕೆ ಯಾರೂ ಮುನಿಯುವುದಿಲ್ಲ. ತಡೆಯದೆ ಬಿಟ್ಟರೆ ಮುನಿಯುವುದುಂಟು. ತಪ್ಪಿದ ಪಾಠವು ನಾಲಗೆಯಲ್ಲಿ ನೆಲೆನಿಂತರೆ ಮುಂದೆ ಅದನ್ನು ಕೀಳುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟವೆಂಬುದು ಎಲ್ಲರಿಗೂ ಗೊತ್ತು.

ಚದುರಂಗದ ಲೋಕದಲ್ಲಿಯೂ ಇಂಥದೇ ಒಂದು ಸತ್ಸಂಪ್ರದಾಯವಿದೆ. ಆಟ ಮುಗಿದೊಡನೆ ಗೆದ್ದವನೂ ಸೋತವನೂ ಎದ್ದು ಹೋಗದೆ ಅದೇ ಆಟವನ್ನು ಮತ್ತೆ ಮೊದಲಿನಿಂದ ಇಟ್ಟು ಪರಸ್ಪರ ತಮ್ಮ ಯೋಚನೆಗಳನ್ನು ಬಿಚ್ಚಿಡುತ್ತಾರೆ. ಇದಕ್ಕೆ ‘ಪೋಸ್ಟ್‌ಮಾರ್ಟಂ’ ಎಂಬ ವಿನೋದದ ಹೆಸರು ಬಿದ್ದಿದೆ. ದೂರದ ಊರಿನ ಮಗುವಿಗೆ ಇದಕ್ಕಿಂತ ಸುಲಭವಾಗಿ ದೊರೆಯುವ ಗುರುವಿಲ್ಲ. ತನ್ನನ್ನು ಸೋಲಿಸಿದವನಿಗೆ ತನ್ನ ದೌರ್ಬಲ್ಯವು ಎಲ್ಲರಿಗಿಂತ ಚೆನ್ನಾಗಿ ತಿಳಿದಿರುತ್ತದೆ. ‘ನನ್ನ ಆಟದಲ್ಲಿ ನಿನಗೆ ಯಾವಾಗ ಧೈರ್ಯ ಬಂತು?’ ಎಂದು ವಿನಯದಿಂದ ಕೇಳಿದರೆ ಹೆಚ್ಚಿನವರು ಹೇಳದೆ ಇರುವುದಿಲ್ಲ. ಮಗುವು ಅಳುತ್ತ ಹೊರಗೆ ಓಡಿಬಂದರೆ, ಇಲ್ಲವೆ ತಂದೆಯು ಬಸ್ಸಿನ ವೇಳೆಯಾಯಿತೆಂದು ಕೈಹಿಡಿದು ಎಳೆದುಕೊಂಡು ಹೋದರೆ, ಆ ದಿನದ ಪ್ರಯಾಣದ ಫಲವು ಅರ್ಧಕ್ಕೆ ನಷ್ಟವಾದಂತೆ.

ವಿಮರ್ಶೆಯನ್ನು ಅರಸಿಕೊಂಡು ಹೋದವರಲ್ಲಿ ಪ್ರಾತಃಸ್ಮರಣೀಯನಾದ ಆಟಗಾರನೊಬ್ಬನಿದ್ದಾನೆ. ರಷ್ಯಾದ ಮಿಖಾಯಿಲ್ ಬಾಟ್ವಿನ್ನಿಕ್ ೧೯೪೮ರಲ್ಲಿ ವಿಶ್ವವಿಜೇತನಾದವನು. ವೃತ್ತಿಯಿಂದ ವಿದ್ಯುತ್ ಇಂಜಿನಿಯರ್. ಆಟಗಾರನು ತನ್ನ ಆಟಗಳಿಗೆ ತಾನೇ ಟಿಪ್ಪಣಿ ಬರೆದು ಅಚ್ಚು ಮಾಡಿಸಬೇಕೆಂಬುದು ಅವನ ದೃಢವಾದ ಅಭಿಪ್ರಾಯವಾಗಿತ್ತು. ಗುಟ್ಟಾಗಿ ಇಟ್ಟುಕೊಂಡ ಟಿಪ್ಪಣಿಯಲ್ಲಿ ಮನಸ್ಸು ತನಗೆ ತಾನೇ ರಿಯಾಯಿತಿ ಕೊಟ್ಟುಕೊಳ್ಳುತ್ತದೆ. ಅಚ್ಚಾದ ಟಿಪ್ಪಣಿಯನ್ನು ಓದುಗರು ಪರೀಕ್ಷಿಸುತ್ತಾರೆ, ತಪ್ಪನ್ನು ಎತ್ತಿ ತೋರಿಸುತ್ತಾರೆ. ೧೯೬೦ರಲ್ಲಿ ಐವತ್ತರ ಅಂಚಿನಲ್ಲಿದ್ದ ಅವನನ್ನು ೨೩ ವರ್ಷದ ಮಿಖಾಯಿಲ್ ತಾಲ್ ಸೋಲಿಸಿ ಪಟ್ಟವನ್ನು ಕಿತ್ತುಕೊಂಡನು. ಅವನ ಕಾಲ ಮುಗಿಯಿತೆಂದು ಅನೇಕರು ಭಾವಿಸಿದರು. ಬಾಟ್ವಿನ್ನಿಕ್ ಆ ಸೋಲನ್ನು ಎಳೆಎಳೆಯಾಗಿ ಬಿಡಿಸಿ ನೋಡಿ, ಮರುವರ್ಷ ಅದೇ ತಾಲ್‌ನನ್ನು ೧೩–೮ ಅಂಕಗಳಿಂದ ಸೋಲಿಸಿ ಪಟ್ಟವನ್ನು ಮರಳಿ ಪಡೆದನು. ಮುಂದೆ ಅವನು ನಡೆಸಿದ ಶಾಲೆಯಲ್ಲಿ ಕಾರ್ಪೋವ್, ಕಾಸ್ಪರೋವ್, ಕ್ರಾಮ್ನಿಕ್ ಮೊದಲಾದವರು ಕಲಿತರು. ಆ ಹುಡುಗರು ತಾವು ಆಡಿದ ಆಟಗಳನ್ನು ತಂದು ಗುರುವಿನ ಮತ್ತು ಸಹಪಾಠಿಗಳ ಮುಂದೆ ತೋರಿಸಿ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗಿತ್ತು. ಆ ಶಾಲೆಯಲ್ಲಿ ಕಲಿತ ಈ ಮೂವರೂ ಮುಂದೆ ವಿಶ್ವವಿಜೇತರಾದರು.

ಹೀಗೆ ನಾಲ್ಕು ಜನರ ಮುಂದೆ ತನ್ನ ಕೆಲಸವನ್ನು ಇಟ್ಟು ಮಾತು ಕೇಳುವುದಕ್ಕೆ ಸಿಗಂದೂರಿನವರು ರಷ್ಯಾದವರೆಗೆ ಹೋಗಬೇಕಾಗಿಲ್ಲ. ಅದೇ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯಿದೆ. ಅದನ್ನು ಕಟ್ಟಿ ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ ೧೯೯೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅಲ್ಲಿಯ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕವನ್ನು ಮರುದಿನ ಎಲ್ಲರೂ ಕುಳಿತು ಚರ್ಚಿಸುವ ಪದ್ಧತಿ ಬೆಳೆದುಬಂದಿದೆ. ತಿಂಗಳುಗಟ್ಟಲೆ ಬೆವರು ಸುರಿಸಿ ಕಟ್ಟಿದ ನಾಟಕದ ಬಗ್ಗೆ ನೋಡಿದವರು ‘ಇದು ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ...’ ಎಂದು ಹೇಳುವುದನ್ನು ಕೇಳಿಸಿಕೊಳ್ಳುವುದು ಸುಲಭದ ಮಾತಲ್ಲ. ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿಯು ನಾಡಿನ ರಂಗಭೂಮಿಗೆ ಮಾದರಿಯಾದುದರಲ್ಲಿ ಈ ಅಭ್ಯಾಸದ ಪಾಲೂ ಇದೆಯೆಂದು ನಾವು ತಿಳಿಯುತ್ತೇವೆ.

ನಮ್ಮ ಶೂನ್ಯಸಂಪಾದನೆಯ ಒಂದು ಪ್ರಸಂಗವನ್ನೂ ಇಲ್ಲಿ ನೆನೆಯಬಹುದು. ಸೊನ್ನಲಿಗೆಯಲ್ಲಿ ಕೆರೆಗಳನ್ನು ಕಟ್ಟಿಸುತ್ತ ಲೋಕದ ಕೊಂಡಾಟಕ್ಕೆ ಪಾತ್ರರಾಗಿದ್ದ ಸಿದ್ಧರಾಮರ ಮುಂದೆ ಬಂದು ನಿಂತವರು ಶಿವಮೊಗ್ಗ ಸೀಮೆಯದೇ ಆದ ಬಳ್ಳಿಗಾವೆಯ ಅಲ್ಲಮಪ್ರಭುಗಳು. ಊರೆಲ್ಲ ಹೊಗಳುತ್ತಿದ್ದಾಗ ಅವರೊಬ್ಬರು ಕಟುವಾಗಿ ಮಾತನಾಡಿದರು. ಸಿದ್ಧರಾಮರಿಗೆ ಮೊದಲು ಸಿಟ್ಟೇ ಬಂದಿತು. ಆದರೆ ಸಿಟ್ಟು ಇಳಿದ ಮೇಲೆ ಮಾತಿನ ತಿರುಳನ್ನು ಹಿಡಿದು ಕಲ್ಯಾಣಕ್ಕೆ ನಡೆದರು. ಸಿಟ್ಟು ಬಂದುದು ಅವರ ಹಿರಿಮೆಗೆ ಕುಂದಾಗಲಿಲ್ಲ. ವಿಮರ್ಶೆಯನ್ನು ಕೇಳಿದೊಡನೆ ನೋವಾಗುವುದು ಸಹಜ. ಆ ನೋವು ಇಳಿಯುವವರೆಗೆ ಬಾಯಿ ಮುಚ್ಚಿಕೊಂಡಿರುವುದು ಕಲಿತುಕೊಳ್ಳಬೇಕಾದ ವಿದ್ಯೆ. ‘ಹೌದು, ಆದರೆ...’ ಎಂದು ಮಗುವು ತಡೆದಾಗಲೆಲ್ಲ ಬಲ್ಲವರ ಬಾಯಿಯ ಒಂದೊಂದು ಮಾತು ಹಿಂದಕ್ಕೆ ಹೋಗುತ್ತದೆ. ಮೂರು ಸಲ ‘ಆದರೆ’ ಎಂದರೆ ನಾಲ್ಕನೆಯ ಸಲ ಅವರೂ ‘ಚೆನ್ನಾಗಿದೆ’ ಎಂದು ಎದ್ದುಬಿಡುತ್ತಾರೆ.

ಎಲ್ಲರ ಮಾತೂ ವಿಮರ್ಶೆಯಾಗುವುದಿಲ್ಲವೆಂಬುದನ್ನೂ ಹೇಳಬೇಕು. ಪ್ರೀತಿಯಿಂದ ಹೊಗಳುವ ಬಂಧುವು ಒಂದು ಬಗೆ. ಹೀಯಾಳಿಸಿ ಸಂತೋಷಪಡುವ ನೆರೆಯವನು ಇನ್ನೊಂದು ಬಗೆ. ಇಬ್ಬರ ಮಾತಿನಲ್ಲಿಯೂ ಆಟದ ವಿಚಾರವೇ ಇರುವುದಿಲ್ಲ. ಒಬ್ಬನದು ಮಗುವಿನ ಸ್ತುತಿ, ಮತ್ತೊಬ್ಬನದು ಮಗುವಿನ ನಿಂದೆ. ನಿಜವಾದ ವಿಮರ್ಶಕನು ನಡೆಯ ವಿಚಾರವನ್ನು ಮಾತನಾಡುತ್ತಾನೆ. ‘ನೀನು ದಡ್ಡ’ ಎನ್ನುವುದಿಲ್ಲ; ‘ಈ ಕುದುರೆಯು ಇಲ್ಲಿ ಕೆಲಸವಿಲ್ಲದೆ ನಿಂತಿದೆ’ ಎನ್ನುತ್ತಾನೆ. ಹತ್ತು ತಪ್ಪುಗಳಿದ್ದರೆ ಹತ್ತನ್ನೂ ಒಮ್ಮೆಗೇ ತಲೆಯ ಮೇಲೆ ಸುರಿಯುವುದಿಲ್ಲ. ಮುಖ್ಯವಾದ ಒಂದೆರಡನ್ನು ಹಿಡಿದು, ಅದಕ್ಕೆ ಬದಲಾಗಿ ಏನು ಮಾಡಬಹುದಾಗಿತ್ತೆಂಬುದನ್ನು ಮಗುವಿನ ಕೈಯಿಂದಲೇ ಆಡಿಸಿ ತೋರಿಸುತ್ತಾನೆ. ಅಂಥವನು ವಿಶ್ವವಿಖ್ಯಾತನಾಗಿರಬೇಕಿಲ್ಲ; ಕಲಿಯುವವನಿಗಿಂತ ಸ್ವಲ್ಪ ಮುಂದಿದ್ದರೆ ಸಾಕು. ಭಾರತದಲ್ಲಿ ವಿಶ್ವನಾಥನ್ ಆನಂದ್ ೧೯೮೮ರಲ್ಲಿ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕಕ್ಕೆ ಆ ಗೌರವವು ಮೈಸೂರಿನ ತೇಜ್‌ಕುಮಾರ್ ಅವರಿಂದ ದೊರೆತದ್ದು ೨೦೧೭ರಲ್ಲಿ. ಆ ೨೯ ವರ್ಷಗಳಲ್ಲಿ ನಮ್ಮ ನಾಡಿನ ಮಕ್ಕಳಿಗೆ ತಿದ್ದುವ ಹಿರಿಯರು ಎಷ್ಟು ವಿರಳವಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ಈಗ ಶಿವಮೊಗ್ಗದ ಸ್ಟ್ಯಾನಿ ಅವರೂ ಆ ಪದವಿಗೆ ಏರಿದ್ದಾರೆ. ದಾರಿ ಮೊದಲಿನಷ್ಟು ದೂರವಾಗಿಲ್ಲ.

ಇಲ್ಲಿ ಯಾರಾದರೂ, ‘ಈಗ ಕೈಯಲ್ಲಿರುವ ಮೊಬೈಲೇ ಎಲ್ಲ ತಪ್ಪನ್ನೂ ಹೇಳುತ್ತದಲ್ಲ, ಮನುಷ್ಯರೇಕೆ?’ ಎಂದು ಕೇಳಬಹುದು. ಮಾತು ಸುಳ್ಳಲ್ಲ. ೧೯೯೭ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ವಿಶ್ವವಿಜೇತ ಕಾಸ್ಪರೋವ್ ಅವರನ್ನು ಸೋಲಿಸಿತು. ಇಂದು ಜೇಬಿನ ಯಂತ್ರವೂ ಯಾವ ಮನುಷ್ಯನಿಗಿಂತಲೂ ಬಲವಾಗಿ ಆಡಬಲ್ಲದು. ಅದಕ್ಕೆ ದಾಕ್ಷಿಣ್ಯವಿಲ್ಲ, ಮತ್ಸರವಿಲ್ಲ, ಬೇಸರವಿಲ್ಲ. ಹಿನ್ನೀರಿನ ಆಚೆಯ ಮಗುವಿಗೂ ಅದು ಉಚಿತವಾಗಿ ಸಿಗುತ್ತದೆ. ಇದು ದೊಡ್ಡ ಉಪಕಾರವೇ. ಆದರೆ ಯಂತ್ರವು ಈ ನಡೆಯು ತಪ್ಪೆಂದು ಹೇಳುತ್ತದೆಯೇ ಹೊರತು ಆ ತಪ್ಪು ನಿನಗೇಕೆ ಸರಿಯಾಗಿ ತೋರಿತೆಂಬುದನ್ನು ಹೇಳಲಾರದು. ಅವಸರ, ಭಯ, ದುರಾಸೆ ಇವುಗಳ ಲೆಕ್ಕವು ಅದರಲ್ಲಿಲ್ಲ. ಅದಲ್ಲದೆ ಉತ್ತರವು ಕ್ಷಣದಲ್ಲಿ ದೊರೆಯುವುದರಿಂದ ಹುಡುಕುವ ಕಷ್ಟವೇ ತಪ್ಪಿಹೋಗುತ್ತದೆ. ಕಷ್ಟಪಟ್ಟು ಕಂಡುಕೊಂಡ ತಪ್ಪು ಮಾತ್ರ ನೆನಪಿನಲ್ಲಿ ಉಳಿಯುವುದು. ೨೦೨೪ರ ಡಿಸೆಂಬರ್ ೧೨ರಂದು ಸಿಂಗಾಪುರದಲ್ಲಿ ಚೀನಾದ ಡಿಂಗ್ ಲಿರೆನ್ ಅವರನ್ನು ಸೋಲಿಸಿ ೧೮ನೆಯ ವಯಸ್ಸಿನಲ್ಲಿ ವಿಶ್ವವಿಜೇತನಾದ ಚೆನ್ನೈನ ಗುಕೇಶ್ ಅವರನ್ನು, ಕಲಿಕೆಯ ಮೊದಲ ವರ್ಷಗಳಲ್ಲಿ ಗುರು ವಿಷ್ಣು ಪ್ರಸನ್ನ ಅವರು ಯಂತ್ರದ ನೆರವಿನಿಂದ ಬೇಕೆಂದೇ ದೂರವಿಟ್ಟಿದ್ದರೆಂಬುದು ಗಮನಿಸತಕ್ಕ ಸಂಗತಿ. ಮೊದಲು ತಾನು, ಆಮೇಲೆ ಬಲ್ಲವರು, ಕೊನೆಗೆ ಯಂತ್ರ ಎಂಬ ಅನುಕ್ರಮವನ್ನು ಇಟ್ಟುಕೊಂಡರೆ ಮೂರರಿಂದಲೂ ಪ್ರಯೋಜನವಿದೆ.

ತಂದೆತಾಯಿಗಳಿಗೆ ಒಂದೆರಡು ಮಾತು. ಸೋತು ಬಂದ ದಿನ ಮಗುವಿಗೆ ಬೇಕಾದುದು ಊಟ ಮತ್ತು ನಿದ್ರೆ, ವಿಮರ್ಶೆಯು ಮರುದಿನಕ್ಕಿರಲಿ. ಆಟವನ್ನು ಅರಿಯದ ತಂದೆಯು ‘ಅಷ್ಟೂ ಕಾಣಲಿಲ್ಲವೇ?’ ಎಂದು ಗದರಿಸುವುದು ವಿಮರ್ಶೆಯಲ್ಲ, ತನ್ನ ಅಭಿಮಾನಕ್ಕೆ ಬಿದ್ದ ಪೆಟ್ಟನ್ನು ಮಗುವಿಗೆ ವರ್ಗಾಯಿಸುವುದು. ಪೆಟ್ಟು ತಿಂದ ಮಗುವು ಮುಂದಿನ ಸಲ ಸೋತ ಆಟದ ಕಾಗದವನ್ನು ಹರಿದೆಸೆದು ಬರುತ್ತದೆ. ಆಮೇಲೆ ಅದನ್ನು ತಿದ್ದುವವರು ಯಾರು? ಆಟ ಬಾರದ ತಾಯಿಯೂ ಮಾಡಬಹುದಾದ ಒಂದು ಕೆಲಸವಿದೆ: ಮಗುವನ್ನು ಹತ್ತಿರ ಕೂರಿಸಿಕೊಂಡು ‘ಈ ಆಟದಿಂದ ಏನು ತಿಳಿಯಿತು? ಒಂದು ಮಾತು ಹೇಳು’ ಎಂದು ಕೇಳುವುದು. ಗೆದ್ದ ದಿನವೂ ಅದೇ ಪ್ರಶ್ನೆ, ಸೋತ ದಿನವೂ ಅದೇ ಪ್ರಶ್ನೆ. ಆಗ ಮಗುವಿಗೆ ಪ್ರೀತಿಯು ಫಲಿತಾಂಶಕ್ಕೆ ಕಟ್ಟುಬಿದ್ದಿಲ್ಲವೆಂಬ ಭರವಸೆ ಮೂಡುತ್ತದೆ. ಆ ಭರವಸೆಯಿರುವ ಮಗುವಿಗೆ ಮಾತ್ರ ತಪ್ಪನ್ನು ತೋರಿಸಲು ಧೈರ್ಯ ಬರುತ್ತದೆ.

ಆ ಗೃಹಸ್ಥರಿಗೆ ನಾವು ಹೇಳಿದ್ದಿಷ್ಟು: ಊರಿನಲ್ಲಿ ಬಲ್ಲವರಿಲ್ಲವೆಂದು ಕೊರಗಬೇಡಿ. ಮಗನು ತಾನು ಸೋತ ಆಟಗಳನ್ನು ಒಂದು ಪುಸ್ತಕದಲ್ಲಿ ಬರೆಯಲಿ. ತಿಂಗಳಿಗೊಮ್ಮೆ ಅದರಿಂದ ಎರಡನ್ನು ಆರಿಸಿ, ತನ್ನ ಟಿಪ್ಪಣಿಯೊಡನೆ, ಸಾಗರದಲ್ಲಿಯೋ ಶಿವಮೊಗ್ಗದಲ್ಲಿಯೋ ಇರುವ ಬಲ್ಲವರೊಬ್ಬರಿಗೆ ತೋರಿಸಲಿ. ಹೋಗಲಾಗದಿದ್ದರೆ ಅಂಚೆಯಲ್ಲಿಯೋ ಫೋನಿನಲ್ಲಿಯೋ ಕಳುಹಿಸಲಿ. ಅವರು ಹೇಳಿದ ಒಂದು ತಪ್ಪನ್ನು ಮುಂದಿನ ತಿಂಗಳು ಮಾಡದಿದ್ದರೆ ಅದೇ ಗುರುದಕ್ಷಿಣೆ. ತಿದ್ದಿದ್ದು ಸಾರ್ಥಕವಾಯಿತೆಂದು ಕಂಡ ಹಿರಿಯರು ಮುಂದೆ ಕೇಳದೆಯೇ ತಿದ್ದುತ್ತಾರೆ.

ಮಣೆಯ ಮೇಲೆ ಕಳೆದುಕೊಂಡ ರಾಜನನ್ನು ಮರುಕ್ಷಣವೇ ಮತ್ತೆ ಇಟ್ಟು ಆಡಬಹುದು. ಮನೆತನದ ವ್ಯವಹಾರ, ಮಕ್ಕಳ ಸಂಸ್ಕಾರ, ಊರಿನ ಕಾರ್ಯ ಇವುಗಳಲ್ಲಿ ಆ ಅನುಕೂಲವಿಲ್ಲ. ಅಲ್ಲಿ ತಪ್ಪಿನ ಬೆಲೆಯು ಹೆಚ್ಚು, ನೇರವಾಗಿ ಹೇಳುವವರ ಸಂಖ್ಯೆಯೋ ಕಡಿಮೆ. ತೆರಬೇಕಾದ ಬೆಲೆಯು ಅಲ್ಪವಾಗಿರುವ ಆಟದಲ್ಲಿಯೇ ನಮ್ಮ ಮಕ್ಕಳು ತಿದ್ದುವ ಮಾತನ್ನು ಕೇಳಿ ಪಡೆಯುವ ಅಭ್ಯಾಸವನ್ನು ಮಾಡಿಕೊಳ್ಳಲಿ. ಹಿರಿಯರಾದ ನಾವೆಲ್ಲರೂ ಮನೆಯಲ್ಲಿ ಅಂಥ ಮಾತಿಗೆ ಜಾಗವನ್ನು ಬಿಟ್ಟಿರೋಣ ಎಂದು ಹಾರೈಸುತ್ತೇವೆ.